ಭಟ್ರೇ, ಗುಡ್ಡಕ್ಕೆ!

ಅಕ್ಕನ ಮಗನಿಗೆ ಈಗ 16. ಹೋದ ತಿಂಗಳು ಮನೆಗೆ ಬಂದವನು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ನಾನು ಕಂಪ್ಯೂಟರಿನಲ್ಲಿ 'ಡರ್ಟ್ 2' ಅನ್ನುವ ಕಾರ್ ರೇಸಿನ ಆಟ ಆಡುವುದನ್ನು ಎರಡು ನಿಮಿಷ ನೋಡಿದ. ಆಮೇಲೆ ಮೂಗು ಮುರಿದು, "ಮಾಮ, ಇದು ಮಕ್ಕಳಾಟ. ಇದ್ರಲ್ಲಿ ಹ್ಯಾಂಡ್ಲಿಂಗೇ ಇಲ್ಲ" ಅಂದ.

2009ರಲ್ಲಿ ಬಂದ ಆಟ ಅದು. ಅಂದರೆ ಹೆಚ್ಚುಕಡಿಮೆ ಇವನದೇ ವಯಸ್ಸು. ಮೊರಾಕ್ಕೋದ ಧೂಳು, ಮಲೇಷ್ಯಾದ ಕಾಡು, ಎಲ್ಲ ಕಡೆ ನಾನು ಅದರಲ್ಲಿ ಕಾರು ಓಡಿಸಿದ್ದೇನೆ. ಎಲ್ಲಾದರೂ ಗುದ್ದಿದರೆ ಕಾಲವನ್ನೇ ಹಿಂದಕ್ಕೆ ತಿರುಗಿಸುವ ಗುಂಡಿಯೊಂದಿದೆ. ಒತ್ತಿದರೆ ಸಾಕು, ಒಡೆದ ಗಾಜು ಕೂಡಿಕೊಂಡು, ಉರುಳಿದ ಕಾರು ಎದ್ದು ನಿಂತು, ಮತ್ತೆ ಅದೇ ತಿರುವಿನ ಮುಂದೆ ಬಂದು ನಿಲ್ಲುತ್ತದೆ. ಈ ವಯಸ್ಸಿನಲ್ಲಿ ಮನುಷ್ಯನಿಗೆ ಇನ್ನೇನು ಬೇಕು?

"ಹಿಂದಕ್ಕೆ ಹೋಗೋದು ಚೀಟಿಂಗ್" ಅಂದ ಹುಡುಗ. ಹಾಗಂದವನು ಸುಮ್ಮನಿರಲಿಲ್ಲ. ನನ್ನ ಕಂಪ್ಯೂಟರಿಗೆ ಕಾಡುಮೇಡಿನ ರಸ್ತೆಗಳಲ್ಲಿ ಕಾರು ಓಡಿಸುವ ಇನ್ನೊಂದು ಆಟ, 'ರಿಚರ್ಡ್ ಬರ್ನ್ಸ್ ರ‍್ಯಾಲಿ' ಹಾಕಿಕೊಟ್ಟ. ತಮಾಷೆ ಅಂದರೆ ಇದು 2004ರದ್ದು, ನನ್ನ ಮಕ್ಕಳಾಟಕ್ಕಿಂತ 5 ವರ್ಷ ಹಳೆಯದು. ಮಾಡಿದ ಕಂಪನಿ ಮುಚ್ಚಿ ಯಾವುದೋ ಕಾಲವಾಯಿತು. ಆದರೂ ಹವ್ಯಾಸಿಗಳು ಅದನ್ನು ಬಿಟ್ಟಿಲ್ಲ. ಟೈರು ನೆಲ ಹಿಡಿಯುವ ಲೆಕ್ಕವನ್ನೆಲ್ಲ ತಾವೇ ಹೊಸದಾಗಿ ಬರೆದು, ನೂರಾರು ರಸ್ತೆಗಳನ್ನು ಸೇರಿಸಿ, ಇವತ್ತಿಗೂ ಓಡಿಸುತ್ತಿದ್ದಾರೆ. ಆಟಕ್ಕೆ ಹೆಸರು ಕೊಟ್ಟ ರಿಚರ್ಡ್ ಬರ್ನ್ಸ್ 2001ರ ವಿಶ್ವ ರ‍್ಯಾಲಿ ಚಾಂಪಿಯನ್. ಆಟ ಅಂಗಡಿಗೆ ಬರುವ ಹೊತ್ತಿಗೆ ಆತ ಮಿದುಳಿನ ಗಡ್ಡೆಯಿಂದ ಬಳಲುತ್ತಿದ್ದ. ತೀರಿಕೊಂಡದ್ದು 2005ರ ನವೆಂಬರ್ 25ರಂದು, ಚಾಂಪಿಯನ್ ಆಗಿ ಸರಿಯಾಗಿ 4 ವರ್ಷಕ್ಕೆ. ಆಗ ಅವನಿಗೆ 34. ಇದನ್ನು ಓದಿದ ಮೇಲೆ ಆ ಆಟವನ್ನು ಬಯ್ಯುವುದಕ್ಕೂ ಮನಸ್ಸು ಬರುವುದಿಲ್ಲ. ಆದರೂ ಬಯ್ದಿದ್ದೇನೆ.

ಇದನ್ನು ಕೀಬೋರ್ಡಿನಲ್ಲಿ ಆಡಬಾರದಂತೆ. ಸ್ಟೀರಿಂಗ್ ಬೇಕಂತೆ. ಅವನದನ್ನೇ ಚೀಲದಲ್ಲಿ ತಂದಿದ್ದ. ಊಟದ ಮೇಜಿಗೆ ಕ್ಲಾಂಪ್ ಹಾಕಿ ಬಿಗಿದ. ಮೇಜಿನ ಅಂಚಿನಲ್ಲಿ ಎರಡು ಅರ್ಧಚಂದ್ರದಂಥ ಗುರುತು ಬಿದ್ದಿದೆ. ಈಗ ಅದರ ಮೇಲೆ ಒಂದು ಟವೆಲ್ಲು ಸದಾ ಬಿದ್ದಿರುತ್ತದೆ, ಯಾಕೆ ಅಂತ ನನ್ನ ಹೆಂಡತಿ ಇನ್ನೂ ಕೇಳಿಲ್ಲ. ಆಮೇಲೆ 2 ಗಂಟೆ ಸೆಟ್ಟಿಂಗು. ಸ್ಟೀರಿಂಗ್ 900 ಡಿಗ್ರಿ ತಿರುಗಬೇಕಾ, 540 ಸಾಕಾ? ಬ್ರೇಕು ಎಷ್ಟು ಒತ್ತಿದರೆ ಎಷ್ಟು ಹಿಡಿಯಬೇಕು? ಮೇಜು ಎಷ್ಟು ನಡುಗಬೇಕು? ನನ್ನ ನಿಜವಾದ ಕಾರಿನಲ್ಲಿ ಕೀಲಿ ತಿರುಗಿಸಿದರೆ ಹೊರಡುತ್ತದೆ, ಅಷ್ಟೇ. ನಿಜದ ಹಾಗೆ ಇರಬೇಕು ಅನ್ನುವ ವಸ್ತು ನಿಜಕ್ಕಿಂತ ಇಷ್ಟು ಜಾಸ್ತಿ ಸೇವೆ ಯಾಕೆ ಮಾಡಿಸಿಕೊಳ್ಳುತ್ತದೋ.

ಕೊನೆಗೆ ಹೊರಟೆ. ಇಂಗ್ಲೆಂಡಿನ ಹಾರ್ವುಡ್ ಫಾರೆಸ್ಟ್, ಜಲ್ಲಿ ರಸ್ತೆ. ಮೊದಲ ತಿರುವಿಗೆ ಚರಂಡಿ. ಮತ್ತೆ ಹೊರಟೆ. ಎರಡನೇ ತಿರುವಿಗೆ ಮರ. ಮತ್ತೆ. ಈ ಸಲ ಮೊದಲ ತಿರುವಿಗೇ ಮರ. ಸ್ಟೀರಿಂಗು ಗಡಗಡ ಅಂದು, ಮೇಜಿನ ಆ ತುದಿಯಲ್ಲಿದ್ದ ಉಪ್ಪಿನಕಾಯಿ ಭರಣಿ ಒಂದು ಗೇಣು ಸರಿದು ಬಂತು. ಆಟದೊಳಗೆ ಪಕ್ಕದ ಸೀಟಿನಲ್ಲಿ ಕೂತ ಸಹಚಾಲಕ ಮಹಾಶಯ ಮಾತ್ರ ತಣ್ಣಗೆ ಮುಂದಿನ ತಿರುವುಗಳ ನಂಬರು ಓದುತ್ತಲೇ ಇದ್ದ. ಸಾವಿರ ಗುಂಡಿಗಳ ಪೈಕಿ ಒಂದನ್ನು ಒತ್ತಿದರೆ ಸಹಾಯ ಬರುತ್ತದೆ, ಕಾರು ರಸ್ತೆಗೆ ಬರುತ್ತದೆ. ಆ ಒಂದು ಗುಂಡಿ ಮಾತ್ರ ನನಗೆ ಬೇಗ ಅಭ್ಯಾಸವಾಯಿತು.

"ನೋಡಿದ್ಯಾ ಮಾಮ, ಎಷ್ಟು ರಿಯಲ್ ಆಗಿದೆ" ಅಂದ ಹುಡುಗ, ನಾನು ಮರಕ್ಕೆ ಗುದ್ದಿದಾಗಲೆಲ್ಲ ಅವನಿಗೆ ಹೆಮ್ಮೆ. ಕಷ್ಟ ಕೊಟ್ಟರೆ ನಿಜ, ಸುಖ ಕೊಟ್ಟರೆ ಸುಳ್ಳು ಅನ್ನುವುದು ಯಾವ ಸೀಮೆಯ ಲೆಕ್ಕ? ನಾನು 22 ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಒಂದು ಮರಕ್ಕೂ ಗುದ್ದಿಲ್ಲ. ಹಾಗಾದರೆ ನನ್ನ ಕಾರು ರಿಯಲ್ ಅಲ್ವಾ?

ಹುಡುಗ ಪಾಠ ಶುರು ಮಾಡಿದ. ತಿರುವಿನೊಳಗೆ ಹೋಗಿ ಬ್ರೇಕ್ ಹಾಕಬಾರದು, ಮುಂಚೆಯೇ ಹಾಕಬೇಕು. ಬ್ರೇಕ್ ಹಾಕಿದಾಗ ಕಾರಿನ ತೂಕ ಮುಂದಕ್ಕೆ ಬರುತ್ತದೆ. ಮುಂದಿನ ಟೈರು ನೆಲ ಕಚ್ಚುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ, ಆಗ ಕಾರು ತಾನೇ ತಿರುಗುತ್ತದೆ. ಇನ್ನೂ ಬಿಗಿ ತಿರುವಾದರೆ ಮೊದಲು ಉಲ್ಟಾ ದಿಕ್ಕಿಗೆ ತಿರುಗಿಸಿ, ತೂಕವನ್ನು ಆ ಕಡೆ ತೂಗಿಸಿ, ಆಮೇಲೆ ಈ ಕಡೆಗೆ ಎಸೆಯಬೇಕು. ಫಿನ್ಲೆಂಡು, ಸ್ವೀಡನ್ನಿನವರು ಕಂಡುಕೊಂಡ ಉಪಾಯ. "ಎಲ್ಲಾ ತೂಕದ ಆಟ ಮಾಮ. ತೂಕ ಎಲ್ಲಿದೆ ಅಂತ ಗೊತ್ತಿದ್ರೆ ಸಾಕು."

ತೂಕ ಅಂದನಲ್ಲ, ನನಗೆ ಅಡುಗೆ ಭಟ್ಟರು ನೆನಪಾದರು.

ಮೂಡಿಗೆರೆ ಕಡೆ ನಮ್ಮ ಚಿಕ್ಕಪ್ಪನಿಗೆ ಒಂದಿಷ್ಟು ಕಾಫಿ ತೋಟ. ಟಾರು ರಸ್ತೆಯಿಂದ ಮನೆಗೆ 3 ಕಿಲೋಮೀಟರ್ ಏರು, ಮಣ್ಣಿನ ದಾರಿ, 3 ಹೇರ್‌ಪಿನ್ ತಿರುವು. ಬೇಸಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಂಪು ಬೆಣ್ಣೆ. ಚಿಕ್ಕಪ್ಪನ ಹತ್ತಿರ ಒಂದು ಹಳೇ ಜೀಪಿತ್ತು. ಅದಕ್ಕೆ ಫೋರ್‌ವೀಲ್ ಲಿವರ್ ಇತ್ತು, ಕೆಲಸ ಮಾಡುತ್ತಿರಲಿಲ್ಲ. ಜೂನ್ ಬಂತೆಂದರೆ ಹಿಂದಿನ ಗಾಲಿಗೆ ಚೈನು ಸುತ್ತುತ್ತಿದ್ದರು. ಚೈನು ಸುತ್ತಿದರೂ ಆಷಾಢದ ಮಳೆಯಲ್ಲಿ ಖಾಲಿ ಜೀಪು ಎರಡನೇ ತಿರುವು ಹತ್ತುತ್ತಿರಲಿಲ್ಲ. ಗಾಲಿ ನಿಂತಲ್ಲೇ ಗಿರಗಿರ, ಜೀಪು ಮೆಲ್ಲಗೆ ಕುಂಡೆ ತಿರುಗಿಸಿಕೊಂಡು ಚರಂಡಿ ಕಡೆಗೆ.

ಅಜ್ಜನ ತಿಥಿ ಬರುವುದು ಆಷಾಢದಲ್ಲೇ. ಅಡುಗೆಗೆ ಕೆಳಗಿನ ಊರಿನ ಭಟ್ಟರು ಬರಬೇಕು. ಭಟ್ಟರು 100 ಕೆ.ಜಿ.ಗೆ ಕಡಿಮೆ ಇರಲಿಲ್ಲ. ಒಂದು ವರ್ಷ ಅವರನ್ನು ಕರೆತರಲು ಚಿಕ್ಕಪ್ಪನ ಜೊತೆ ನಾನೂ ಹೋಗಿದ್ದೆ. ಭಟ್ಟರು ಹಿಂದಿನ ಅಡ್ಡ ಸೀಟಿನಲ್ಲಿ, ಅವರ ಕಾಲ ಬುಡದಲ್ಲಿ ಪಾಯಸದ ದೊಡ್ಡ ಪಾತ್ರೆ, ಪಾತ್ರೆಯನ್ನು ತಬ್ಬಿಕೊಂಡು ನಾನು. ಆವತ್ತು ಜೀಪು ಎರಡನೇ ತಿರುವನ್ನು ಒಂದೇ ಏಟಿಗೆ ಹತ್ತಿತು. ಚಿಕ್ಕಪ್ಪ ಮಾತಾಡಲಿಲ್ಲ. ಮನೆ ಮುಂದೆ ಜೀಪು ನಿಲ್ಲಿಸಿ ಇಳಿದು, ಭಟ್ಟರನ್ನು ಒಂದು ಸಲ ಮೇಲಿನಿಂದ ಕೆಳಗಿನ ತನಕ ನೋಡಿದರು. ಹೊಸ ಬಿಡಿಭಾಗ ಸಿಕ್ಕ ಮೆಕ್ಯಾನಿಕ್ ನೋಡುವ ಹಾಗೆ.

ಅಲ್ಲಿಂದ ಮುಂದೆ ಮಳೆಗಾಲ ಪೂರ್ತಿ ಭಟ್ಟರಿಗೆ ನಮ್ಮ ಮನೆಯಿಂದ ಕರೆ. ಗೌರಿ ಹಬ್ಬಕ್ಕೆ ಕರೆ, ಸತ್ಯನಾರಾಯಣ ಪೂಜೆಗೆ ಕರೆ. ಕೊನೆಗೆ ಗೊಬ್ಬರ ತರುವುದಕ್ಕೂ ಕರೆ. ಚಿಕ್ಕಮ್ಮ, "ಗೊಬ್ಬರದ ಮೂಟೆಗೇ ತೂಕ ಇಲ್ವಾ, ಭಟ್ರು ಯಾಕೆ?" ಅಂತ ಕೇಳಿದ್ದಕ್ಕೆ ಚಿಕ್ಕಪ್ಪ ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ: "ಮೂಟೆ ಇಟ್ಟಲ್ಲೇ ಕೂರ್ತದೆ ಮಾರಾಯ್ತಿ. ಭಟ್ರಾದ್ರೆ ಹೇಳಿದ ಕಡೆ ಸರೀತಾರೆ."

ನಿಜ. ಯಾವ ಗಾಲಿ ಸುಮ್ನೆ ಸುತ್ತುತ್ತಿದೆಯೋ ಆ ಗಾಲಿಯ ಮೇಲೆ ಭಟ್ಟರು ಹೋಗಿ ಕೂರಬೇಕು. ಚಿಕ್ಕಪ್ಪ ಮುಂದಿನಿಂದ "ಭಟ್ರೇ, ಎಡಕ್ಕೆ!" ಅನ್ನುವುದು, ಭಟ್ಟರು ಪಂಚೆ ಹಿಡಿದುಕೊಂಡು ಆ ಸೀಟಿಂದ ಈ ಸೀಟಿಗೆ ಹಾರುವುದು. ಆದರೆ ಅಡ್ಡ ಸೀಟಲ್ಲವೇ, ಅಲ್ಲಿ ಕೂತವರಿಗೆ ಎಡ ಯಾವುದು, ಬಲ ಯಾವುದು? ಒಂದು ಸಲ ಚಿಕ್ಕಪ್ಪ ಬಲಕ್ಕೆ ಅಂದರು, ಭಟ್ಟರು ತಮ್ಮ ಬಲಕ್ಕೆ ಸರಿದು ನನ್ನ ಮೇಲೇ ಬಂದರು. ಜೀಪು ಹಿಮ್ಮುಖ ಜಾರಿ ಮೂರು ಕಾಫಿ ಗಿಡ ಮುರಿದು ನಿಂತಿತು. ಪಾಯಸದ ಪಾತ್ರೆ ಹಿಂದಿನ ಬಾಗಿಲಿಂದ ಹಾರಿ, ಒಂದೊಂದು ತಿರುವಿನಲ್ಲೂ ಠಣ್ ಅನ್ನುತ್ತಾ ಟಾರು ರಸ್ತೆ ಕಡೆಗೆ ಹೋಯಿತು. ಆ ಇಡೀ ದಾರಿಯಲ್ಲಿ ತಿರುವುಗಳನ್ನು ಸರಿಯಾಗಿ ತೆಗೆದುಕೊಂಡದ್ದು ಆ ಪಾತ್ರೆ ಒಂದೇ.

ಆವತ್ತು ಸಂಜೆ ಜಗಲಿಯಲ್ಲಿ ಕೂತು ಇಬ್ಬರೂ ಒಪ್ಪಂದ ಮಾಡಿಕೊಂಡರು. ಇನ್ನು ಎಡಬಲ ಇಲ್ಲ. 'ಗುಡ್ಡ' ಅಂದರೆ ಗುಡ್ಡದ ಕಡೆ, 'ತೋಟ' ಅಂದರೆ ತೋಟದ ಕಡೆ. "ಭಟ್ರೇ, ಗುಡ್ಡಕ್ಕೆ! ಹಾಂ, ಈಗ ತೋಟಕ್ಕೆ! ನಿಧಾನ, ನಿಧಾನ, ಗುಡ್ಡಕ್ಕೆ!" ರ‍್ಯಾಲಿಯಲ್ಲಿ ತಿರುವಿಗೆ 1ರಿಂದ 6ರ ತನಕ ನಂಬರು ಕೊಡುತ್ತಾರೆ, ಸಾಮಾನ್ಯವಾಗಿ 1 ಅಂದರೆ ತೀರಾ ಬಿಗಿ, 6 ಅಂದರೆ ಹೆಚ್ಚುಕಡಿಮೆ ನೇರ. ಕಾಲಿನ್ ಮೆಕ್ರೇ ಅನ್ನುವ ರ‍್ಯಾಲಿ ಚಾಲಕನ ಹೆಸರಿನ ಹಳೇ ಆಟದಲ್ಲಿ ಅವನ ಸಹಚಾಲಕ ನಿಕಿ ಗ್ರಿಸ್ಟ್ ತಾನೇ ಧ್ವನಿ ಕೊಟ್ಟಿದ್ದ. ಎಲ್ಲಾ ಸರಿ. ಆದರೆ ಇವರೆಲ್ಲ ಬರೀ ಓದುತ್ತಾರೆ. ಸರಿಯುವುದಿಲ್ಲ.

ಎಲ್ಲಿಗೋ ಹೋದೆ. ವಿಷಯಕ್ಕೆ ಬರುತ್ತೇನೆ.

ಅದೇ ವಾರ ಚಿಕ್ಕಪ್ಪ ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಬಂದರು. ಆಪರೇಷನ್ನಿನ ಹಿಂದಿನ ದಿನ ಹುಡುಗ ಮತ್ತೆ ಬಂದಿದ್ದ. "ಅಜ್ಜ, ನೀವು ಜೀಪ್ ಓಡಿಸಿದವರು, ಒಂದು ಕೈ ನೋಡಿ" ಅಂತ ಅವರನ್ನು ಮೇಜಿನ ಮುಂದೆ ಕೂರಿಸಿದ. ನನಗೆ ಒಳಗೊಳಗೇ ಆಸೆ. ಮಲೆನಾಡಿನ ಕೆಸರಲ್ಲಿ 40 ವರ್ಷ ಪಳಗಿದ ಕೈ ಈ ಹುಡುಗನ ಸೊಕ್ಕು ಇಳಿಸಲಿ ಅಂತ.

ಚಿಕ್ಕಪ್ಪ ಮೊದಲು ಕೇಳಿದ್ದು, "ಹಿಂದೆ ಯಾರು ಕೂತಿದ್ದಾರೆ?"

"ಯಾರೂ ಇಲ್ಲ ಅಜ್ಜ. ಸೀಟೇ ಇಲ್ಲ."

"ಮತ್ತೆ ಹ್ಯಾಗೆ ಹತ್ತುತ್ತೆ?"

ಹೊರಟರು. ಎರಡನೇ ಗೇರು, 20 ಕಿಲೋಮೀಟರ್ ವೇಗ. ತಿರುವು ಬಂತು. ಪೂರ್ತಿ ನಿಲ್ಲಿಸಿದರು. ಸ್ಟೀರಿಂಗಿನ ನಡುವೆ ಅಂಗೈಯಿಂದ ಒತ್ತಿದರು. ಮತ್ತೆ ಒತ್ತಿದರು. "ಹಾರ್ನ್ ಎಲ್ಲಿ?"

"ಹಾರ್ನ್ ಇಟ್ಟಿಲ್ಲ ಅಜ್ಜ. ಎದುರಿಗೆ ಯಾರೂ ಬರಲ್ಲ."

"ಎದುರಿಗೆ ಯಾರೂ ಬರಲ್ಲ ಅಂದ್ರೆ ಅದೆಂತ ರಸ್ತೆ ಮಾರಾಯ?"

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ನನಗೆ ಆದ ಸಂತೋಷ ಹೇಳತೀರದು. ಜಲ್ಲಿ ಹೇಗೆ ಜಾರುತ್ತದೆ, ರೇಡಿಯೇಟರು ಹೇಗೆ ಒಡೆಯುತ್ತದೆ, ಟೈರು ಎಷ್ಟು ಬಿಸಿಯಾಗುತ್ತದೆ, ಎಲ್ಲದಕ್ಕೂ ಲೆಕ್ಕ ಬರೆದಿದ್ದಾರೆ. ಎದುರಿಗೊಂದು ಹಾಲಿನ ವ್ಯಾನಿಲ್ಲ, ಒಂದು ದನ ಇಲ್ಲ. ಆದರೂ ಚಿಕ್ಕಪ್ಪ ಪ್ರತಿ ತಿರುವಿಗೂ ನಿಲ್ಲಿಸಿ, ಬಗ್ಗಿ ನೋಡಿ, ಇಲ್ಲದ ಹಾರ್ನ್ ಒತ್ತಿ, ಒಂದು ಗೀರೂ ಬೀಳದ ಹಾಗೆ ಮುಂದುವರಿದರು. ನಾನು ಒಂದು ಸಲವೂ ದಾಟದ ಆ ಮರವನ್ನು ದಾಟಿದರು. ಹುಡುಗ ಮೊದಲು ನಕ್ಕ, ಆಮೇಲೆ ಚಡಪಡಿಸಿದ, ಆಮೇಲೆ ಮೊಬೈಲ್ ತೆಗೆದ.

ಒಂದು ಕಡೆ ಮಾತ್ರ ಇಳಿಜಾರಿನಲ್ಲಿ ಕಾರು ಸ್ವಲ್ಪ ಜಾರಿತು. ಚಿಕ್ಕಪ್ಪ ಗಾಬರಿಯಾದರು. "ನಂಗೆ ಗೊತ್ತೇ ಆಗ್ಲಿಲ್ಲ ಮಾರಾಯ. ಜಾರೋದು ಮೊದಲು ಕೂತ ಜಾಗಕ್ಕೆ ಗೊತ್ತಾಗ್ಬೇಕು, ಕಣ್ಣಿಗಲ್ಲ. ಇಲ್ಲಿ ಕುರ್ಚಿ ಎಂತ ಹೇಳ್ತದೆ?" ಅಂದರು. ಊಟದ ಕುರ್ಚಿ ಏನೂ ಹೇಳುವುದಿಲ್ಲ. ಇದನ್ನು ಹಿಡಿದುಕೊಂಡು ಹುಡುಗನಿಗೆ ಏನೋ ಒಂದು ದೊಡ್ಡ ಮಾತು ಹೇಳಬೇಕು ಅಂತ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಚಿಕ್ಕಪ್ಪ ಕಾರನ್ನು ರಸ್ತೆ ಪಕ್ಕಕ್ಕೆ ತೆಗೆದು ನಿಲ್ಲಿಸಿದ್ದರು.

"ಯಾಕೆ ಅಜ್ಜ, ಇನ್ನು ಸ್ವಲ್ಪ ದೂರ ಅಷ್ಟೇ!" ಅಂದ ಹುಡುಗ.

ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ ಪರದೆಯ ಹತ್ತಿರ ಮುಖ ತಂದರು. ರಸ್ತೆಯ ಎರಡೂ ಕಡೆ ಕಡುಹಸಿರು ಮರಗಳು ಗೋಡೆಯಂತೆ ನಿಂತಿದ್ದವು.

"ಇದು ಯಾರ ತೋಟ?" ಅಂದರು. "ಇಷ್ಟು ಒತ್ತಾಗಿ ನೆಟ್ಟರೆ ಕೆಳಗೆ ಬಿಸಿಲು ಬೀಳೋದು ಯಾವಾಗ? ಒಂದು ಸಲ ಮರಗಸಿ ಮಾಡಿಸ್ಬೇಕು ಇದನ್ನ."