‘ಆರ್’ ಕಾಣೆಯಾಗಿದೆ

ಹೆಸರು: ಆರ್. ಪೂರ್ತಿ ಹೆಸರು ರ‍್ಯಾಪಿಡ್. ಬಿಆರ್‌ಟಿ ಮನೆತನದ, ಅಂದರೆ ‘ಬಸ್ ರ‍್ಯಾಪಿಡ್ ಟ್ರಾನ್ಸಿಟ್’ ಎಂಬ ವೇಗದ ಬಸ್ ಸಾರಿಗೆಯ, ನಡುವಿನ ಕೂಸು. ಕೊನೆಯ ಸಲ ಕಂಡದ್ದು ಉಪನಗರ ಬಸ್ ಮಾರ್ಗದ ವಿಸ್ತೃತ ಯೋಜನಾ ವರದಿ, ಅಂದರೆ ಡಿಪಿಆರ್‌ನಲ್ಲಿ. ಆಗ ವೇಗ ಗಂಟೆಗೆ 25 ಕಿ.ಮೀ. ಇತ್ತು.

ಆ ವರದಿ ಓದಲು ಚೆಂದ. 15 ಕಿ.ಮೀ. ಮಾರ್ಗ, 36 ನಿಮಿಷದ ಪಯಣ. ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ, ತಲಾ 3.5 ಮೀಟರ್ ಅಗಲದ ಎರಡು ಪಥ. ನಿಲ್ದಾಣದಲ್ಲೇ ಟಿಕೆಟ್. ಬಸ್ಸಿನ ತಳಕ್ಕೆ ಸಮನಾದ ಪ್ಲಾಟ್‌ಫಾರ್ಮ್. ಇದೆಲ್ಲ ಹೊಸ ಕನಸೂ ಅಲ್ಲ. ಜೈಮಿ ಲರ್ನರ್ ಮೇಯರ್ ಆಗಿದ್ದಾಗ, 1974ರಲ್ಲೇ, ಬ್ರೆಜಿಲ್‌ನ ಕುರಿಟಿಬಾ ನಗರ ಬಸ್ಸಿಗೆ ಬೇರೆ ದಾರಿ ಬಿಟ್ಟುಕೊಟ್ಟಿತ್ತು. ಕೊಲಂಬಿಯಾದ ಬೊಗೋಟಾದಲ್ಲಿ 2000ದ ಡಿಸೆಂಬರ್‌ನಿಂದ ಟ್ರಾನ್ಸ್‌ಮಿಲೇನಿಯೊ ಎಂಬ ಇಂಥದೇ ಬಸ್ ಓಡುತ್ತಿದೆ. ಅಧ್ಯಯನ ಪ್ರವಾಸಕ್ಕೆ ಹೋದವರು ಎರಡೂ ಕಡೆ ಫೋಟೊ ತೆಗೆಸಿಕೊಂಡು ಬಂದಿದ್ದಾರೆ. ಫೋಟೊಗಳಲ್ಲಿ ಆರ್ ನಿಚ್ಚಳವಾಗಿ ಕಾಣುತ್ತದೆ.

ಮೊದಲ ಕತ್ತರಿ ಬಿದ್ದದ್ದು ಪಥಕ್ಕೆ. ಊರಾಚೆಯ 12 ಕಿ.ಮೀ. ಉದ್ದಕ್ಕೂ ರಸ್ತೆ ಅಗಲ, ಗಾಡಿ ಕಡಿಮೆ, ಬೇಡ ಎನ್ನುವವರೂ ಇಲ್ಲ. ಅಲ್ಲಿ ಮೀಸಲು ಪಥ ಬಂತು. ನಗರದೊಳಗಿನ ಕೊನೆಯ 3 ಕಿ.ಮೀ.ನಲ್ಲಿ ರಸ್ತೆ ಕಿರಿದು, ಅದರಲ್ಲೂ ಅರ್ಧ ಪಾರ್ಕಿಂಗ್ ಪಾಲು. ಅಲ್ಲಿ ‘ಮಿಶ್ರ ಸಂಚಾರ’. ದಡದ ಮೇಲೆ ದೋಣಿ ಕೊಟ್ಟು, ಹೊಳೆಗೆ ಇಳಿಯುವಾಗ ಕಸಿದುಕೊಂಡ ಹಾಗೆ. ಬಸ್ 12 ಕಿ.ಮೀ.ಯನ್ನು 24 ನಿಮಿಷದಲ್ಲಿ ಮುಗಿಸಿ, ಉಳಿದ ಮೂರಕ್ಕೆ 36 ನಿಮಿಷ ತಿನ್ನುತ್ತದೆ. ಅಂದರೆ ಗಂಟೆಗೆ 5 ಕಿ.ಮೀ. ಇಳಿದು ನಡೆದರೂ ಅಷ್ಟೇ. ನಡೆಯುವುದಕ್ಕೆ ಟಿಕೆಟ್ ಬೇಡ. ಐಟಿಡಿಪಿ ಎಂಬ ಅಂತರರಾಷ್ಟ್ರೀಯ ಸಾರಿಗೆ ಸಂಸ್ಥೆಯ ಬಿಆರ್‌ಟಿ ಮಾನದಂಡ ಕೇಳುವುದು ಕನಿಷ್ಠ 3 ಕಿ.ಮೀ. ಮೀಸಲು ಪಥ. ನಮ್ಮಲ್ಲಿ ಅದರ ನಾಲ್ಕು ಪಟ್ಟು ಇದೆ ಎಂದು ಪ್ರಕಟಣೆ ಹೊರಟಿತು.

ಕಾರಿನವರ ಕೋಪದ ಭಯ ಸುಳ್ಳೇನಲ್ಲ. ದೆಹಲಿಯ 5.8 ಕಿ.ಮೀ. ಬಿಆರ್‌ಟಿ ಮಾರ್ಗ 2008ರಲ್ಲಿ ತೆರೆಯಿತು. ಅದನ್ನು ಕಿತ್ತುಹಾಕಿ ಎಂಬ ಅರ್ಜಿಯನ್ನು 2012ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. 2016ರಲ್ಲಿ ಸರ್ಕಾರವೇ ಕಿತ್ತುಹಾಕಿತು.

ಪಥ ಕತ್ತರಿಸಿ ಹಣ ಉಳಿಸಿದೆವು ಎಂದು ಬೆನ್ನು ತಟ್ಟಿಕೊಂಡವರು ಡಿಪೊ ಕಡೆ ತಿರುಗಿ ನೋಡಲಿಲ್ಲ. ಲೆಕ್ಕ ಸುಲಭದ್ದು. ಹೋಗಿಬರಲು 72 ನಿಮಿಷ, ವಿರಾಮ 8 ನಿಮಿಷ, ಒಟ್ಟು 80. ಐದು ನಿಮಿಷಕ್ಕೊಂದು ಬಸ್ ಬಿಡಲು 16 ಬಸ್ ಸಾಕಿತ್ತು. ಈಗ ಹೋಗಿಬರಲು 120, ವಿರಾಮ ಸೇರಿ 128, ಬೇಕಾದದ್ದು 26. ಅದೇ ಸೇವೆಗೆ ಹತ್ತು ಬಸ್ ಹೆಚ್ಚು, ಅವುಗಳ ಚಾಲಕರು, ಇಂಧನ, ಟಯರು, ಅದೂ ವರ್ಷ ವರ್ಷ. ಮಂಜೂರಾದದ್ದು ಮಾತ್ರ ಹದಿನಾರೇ. ಹಾಗಾಗಿ ಐದು ನಿಮಿಷದ ಬಸ್ ಎಂಟು ನಿಮಿಷಕ್ಕೆ ಬರುತ್ತದೆ, ತುಂಬಿಕೊಂಡು ಬರುತ್ತದೆ, ತುಂಬಿದ್ದರಿಂದ ಪ್ರತಿ ನಿಲ್ದಾಣದಲ್ಲೂ ಇನ್ನಷ್ಟು ಹೊತ್ತು ನಿಲ್ಲುತ್ತದೆ. ನಿಲ್ದಾಣದ ಟಿಕೆಟ್ ಗೇಟನ್ನೂ ಕೈಬಿಟ್ಟಿದ್ದಾರೆ; 30 ಜನ ಚಾಲಕನ ಪಕ್ಕ ಸಾಲುಗಟ್ಟಿ ತಲಾ 4 ಸೆಕೆಂಡ್ ತೆಗೆದುಕೊಂಡರೆ ಎರಡು ನಿಮಿಷ ಅಲ್ಲೇ ಹೋಯಿತು.

ಸಿಗ್ನಲ್ಲಿನ ಕಥೆ ಇನ್ನೂ ಸೊಗಸು. ಬರುತ್ತಿರುವ ಬಸ್ಸನ್ನು ಗುರುತಿಸಿ ಹಸಿರು ದೀಪವನ್ನು 8 ಸೆಕೆಂಡ್ ಹೆಚ್ಚು ಉರಿಸುವ ಯಂತ್ರ ಕೂಡಿಸಿದರು. ಇಂಥ ಕಡೆ ನಿಲ್ದಾಣ ಇರಬೇಕಾದದ್ದು ಸಿಗ್ನಲ್ ದಾಟಿದ ಮೇಲೆ. ಇವರು ಕಟ್ಟಿದ್ದು ದಾಟುವ ಮೊದಲು. ಬಸ್ ಹಸಿರು ಕೇಳುತ್ತದೆ, ಹಸಿರು ಸಿಗುತ್ತದೆ, ಆ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಬಾಗಿಲು ತೆರೆದು ನಿಂತಿರುತ್ತದೆ. ಬಾಗಿಲು ಮುಚ್ಚಿ ಹೊರಡುವಷ್ಟರಲ್ಲಿ ಕೆಂಪು. ಅಡ್ಡರಸ್ತೆಯವರು 8 ಸೆಕೆಂಡ್ ಖಾಲಿ ವೃತ್ತ ನೋಡುತ್ತಾ ಹಾರನ್ ಒತ್ತುತ್ತಾರೆ. ದೂರು ಜಾಸ್ತಿಯಾಗಿ ಆದ್ಯತೆಯನ್ನೇ ಆಫ್ ಮಾಡಲಾಯಿತು. ಯಂತ್ರ ಕಂಬದ ಮೇಲೆ ಕ್ಷೇಮವಾಗಿದೆ, ಅದರ ನಿರ್ವಹಣೆಯ ಗುತ್ತಿಗೆಯೂ.

ನಿಲ್ದಾಣದ ಟೆಂಡರ್ ಒಂದು ಇಲಾಖೆಯದು, ಬಸ್ಸಿನದು ಇನ್ನೊಂದರದು. ಎತ್ತು ಏರಿಗೆ, ಕೋಣ ನೀರಿಗೆ. ಪ್ಲಾಟ್‌ಫಾರ್ಮ್ 90 ಸೆಂ.ಮೀ. ಎತ್ತರ, ಬಂದ ಬಸ್ಸಿನ ತಳ 65. ಪ್ರಯಾಣಿಕರು ಬಸ್ ಹತ್ತುವುದಿಲ್ಲ, ಬಸ್ಸಿಗೆ ಇಳಿಯುತ್ತಾರೆ. ಗಾಲಿಕುರ್ಚಿಯವರಿಗೆ ಇಳಿಜಾರು ದಾರಿ ಇದೆ, ಪ್ಲಾಟ್‌ಫಾರ್ಮಿನವರೆಗೆ. ದಿನವಿಡೀ ಒಂದೇ ಜಾಗದಲ್ಲಿ ಬ್ರೇಕ್ ಬಿದ್ದರೆ ಬಿಸಿಲಿಗೆ ಮೆತ್ತಗಾದ ಡಾಂಬರು ಗಾಲಿಯ ಜಾಡಿನಲ್ಲಿ ಕುಸಿಯುತ್ತದೆ. ಅದಕ್ಕೇ ನಿಲ್ದಾಣದ ಮುಂದೆ ಕಾಂಕ್ರೀಟ್ ಹಾಸುವುದು. ಅದರ ಖರ್ಚನ್ನೂ ಉಳಿಸಿದರು. ಎರಡು ಬೇಸಿಗೆ ಕಳೆದರೆ ಬಸ್ ಇನ್ನೆರಡು ಬೆರಳು ಕೆಳಗೆ.

ಬಣ್ಣಕ್ಕೆ ಮಾತ್ರ ಕತ್ತರಿ ಬೀಳಲಿಲ್ಲ. ಬಸ್ಸಿನ ಎರಡೂ ಪಕ್ಕ ಆರ್ ಅಕ್ಷರವನ್ನು ಆಳೆತ್ತರಕ್ಕೆ ಬರೆಸಿದ್ದಾರೆ, ಗಾಳಿಗೆ ಬಾಗಿ ಓಡುತ್ತಿರುವ ಹಾಗೆ.

ಉದ್ಘಾಟನೆಯ ದಿನ ಗಣ್ಯರನ್ನು ಹೊತ್ತ ಬಸ್ಸಿನ ಮುಂದೆ ಪೊಲೀಸ್ ಜೀಪು, ಹಿಂದೆ ಆಂಬುಲೆನ್ಸ್. ಅಡ್ಡರಸ್ತೆಗಳಿಗೆಲ್ಲ ಬ್ಯಾರಿಕೇಡ್. ಕೊನೆಯ 3 ಕಿ.ಮೀ.ನ ಪಾರ್ಕಿಂಗ್ ಬೆಳಗಾಗುವ ಮೊದಲೇ ಖಾಲಿ. ಯಾರೂ ಟಿಕೆಟ್ ತೆಗೆದುಕೊಳ್ಳಲಿಲ್ಲ. ಬಸ್ ಸರಿಯಾಗಿ 36ನೇ ನಿಮಿಷಕ್ಕೆ ತಲುಪಿತು. ವರದಿ ನಿಖರವಾಗಿತ್ತು ಎಂದು ಸಲಹೆಗಾರರ ಕೊನೆಯ ಬಿಲ್ಲನ್ನು ಅಂದೇ ಪಾಸು ಮಾಡಲಾಯಿತು.