ಬಿಡ್ ಮುಗಿದ ಮೇಲೆ ಬೆಲೆ ಬೆಳೆಯಬಾರದು

ನಮ್ಮ ಅಂಚೆಚೀಟಿ ಸಂಗ್ರಹಕಾರರ ವಾಟ್ಸ್‌ಆ್ಯಪ್ ಬಳಗದಲ್ಲಿ ನಿನ್ನೆ ರಾತ್ರಿ ನಡೆದ ಹರಾಜನ್ನು ಕಂಡು ಮನಸ್ಸಿಗೆ ಬಹಳ ಬೇಸರವಾಗಿದೆ. ಭಾರತೀಯ ಸಂಗೀತಗಾರರ ಗೌರವಾರ್ಥ ಅಂಚೆ ಇಲಾಖೆ 2014ರಲ್ಲಿ ಎಂಟು ಚೀಟಿಗಳ ಸರಣಿಯೊಂದನ್ನು ಹೊರತಂದಿತ್ತು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ ನಾಲ್ವರೂ ಅದರಲ್ಲಿರುವುದರಿಂದ ನಮ್ಮ ಕಡೆಯ ಸಂಗ್ರಹಕಾರರಿಗೆ ಆ ಸರಣಿಯ ಮೇಲೆ ವಿಶೇಷ ಅಕ್ಕರೆ. ಗದಗಿನ ಕಾಲೇಜು ಹುಡುಗನೊಬ್ಬ ಅದರ ಪ್ರಥಮ ದಿನದ ಲಕೋಟೆಗಳನ್ನು (ಹೊಸ ಚೀಟಿ ಅಂಟಿಸಿ ಬಿಡುಗಡೆಯ ದಿನದ ಮುದ್ರೆ ಒತ್ತಿದ ಲಕೋಟೆಗಳು) 800 ರೂಪಾಯಿಗೆ ಬಿಡ್ ಮಾಡಿ ಗೆದ್ದ. ಅಂಚೆ ವೆಚ್ಚ ಪ್ರತ್ಯೇಕ ಎಂದು ಮೊದಲೇ ಬರೆದಿದ್ದರು, ಅದು ನ್ಯಾಯ. ಆದರೆ ಹಣ ಕಟ್ಟುವ ಲಿಂಕ್ ಬಂದಾಗ ಅದರ ಜೊತೆಗೆ ‘ಆನ್‌ಲೈನ್ ಶುಲ್ಕ ಶೇ 5’ ಎಂಬ ಇನ್ನೊಂದು ಸಾಲೂ ಇತ್ತು. ಹರಾಜಿನ ನಿಯಮಗಳಲ್ಲಿ ಎಲ್ಲಿಯೂ ಇಲ್ಲದ 40 ರೂಪಾಯಿ!

ಮೊತ್ತ ಸಣ್ಣದು, ಬಿಟ್ಟುಬಿಡಿ ಎಂದು ಬಳಗದ ಹಿರಿಯರೊಬ್ಬರು ಹೇಳಿದರು. ನಾನು ಬಿಡಲಾರೆ. ಆನ್‌ಲೈನ್ ಪಾವತಿಯನ್ನು ನಿಭಾಯಿಸುವ ಗೇಟ್‌ವೇ ಕಂಪನಿಗಳು ಸಾಮಾನ್ಯವಾಗಿ ಮಾರುವವರಿಂದ ಶೇ 2ರ ಆಸುಪಾಸಿನಲ್ಲಿ ಶುಲ್ಕ ಹಿಡಿಯುತ್ತವೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಬೀಳಬಹುದು. ಅದನ್ನೂ ಸೇರಿಸಿ 800 ರೂಪಾಯಿಗೆ ಲೆಕ್ಕ ಹಾಕಿದರೂ ಒಟ್ಟು 18 ರೂಪಾಯಿ 88 ಪೈಸೆ. ಕೇಳಿದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಉಳಿದದ್ದು ಯಾವ ಶುಲ್ಕ, ಯಾರಿಗೆ ಸೇರಿತು ಎಂದು ಕೇಳುವ ಧೈರ್ಯ ಆ ಹುಡುಗನಿಗೆ ಇರಲಿಲ್ಲ, ಏಕೆಂದರೆ ಹೊಸಬರು ಪ್ರಶ್ನೆ ಕೇಳಿದರೆ ಮುಂದಿನ ಹರಾಜಿನಲ್ಲಿ ಅವರ ಬಿಡ್ಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ಅಂಜಿಕೆ ನಮ್ಮ ಬಳಗದಲ್ಲಿ ಇದ್ದೇ ಇದೆ.

ಅದಕ್ಕಿಂತ ಮುಖ್ಯವಾಗಿ, ಗೇಟ್‌ವೇ ಬೇಕಾಗಿದ್ದು ಯಾರಿಗೆ? 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ಎಂಡಿಆರ್ (ಪಾವತಿ ಸ್ವೀಕರಿಸುವ ವ್ಯಾಪಾರಿಯಿಂದ ಬ್ಯಾಂಕು ಹಿಡಿಯುವ ಶುಲ್ಕ) ಇಲ್ಲ. ಒಬ್ಬರ ಬ್ಯಾಂಕ್ ಖಾತೆಯಿಂದ ಇನ್ನೊಬ್ಬರ ಖಾತೆಗೆ ಯುಪಿಐ ಮೂಲಕ ನೇರವಾಗಿ 800 ರೂಪಾಯಿ ಕಳಿಸಿದರೆ ಎರಡೂ ಕಡೆ ಒಂದು ಪೈಸೆಯೂ ಕಡಿತವಾಗುವುದಿಲ್ಲ. ಲೆಕ್ಕಪತ್ರ ಸುಲಭವಾಗಲಿ, ಕ್ರೆಡಿಟ್ ಕಾರ್ಡ್ ಇರುವವರೂ ಬಿಡ್ ಮಾಡಲಿ ಎಂಬ ಉದ್ದೇಶದಿಂದ ಮಾರುವವರು ಗೇಟ್‌ವೇ ಇಟ್ಟುಕೊಂಡಿದ್ದಾರೆ. ತಪ್ಪಿಲ್ಲ, ಆದರೆ ಆ ಅನುಕೂಲದ ಖರ್ಚು ಅವರದೇ. ಡೆಬಿಟ್ ಕಾರ್ಡಿನ ವಿಷಯದಲ್ಲಿ ವ್ಯಾಪಾರಿಯು ಎಂಡಿಆರ್ ಅನ್ನು ಗ್ರಾಹಕನ ಮೇಲೆ ಹೇರದಂತೆ ನೋಡಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲಿಯೇ ಬ್ಯಾಂಕುಗಳಿಗೆ ಸೂಚಿಸಿತ್ತು. ಧಾರವಾಡದ ಲೈನ್ ಬಜಾರಿನಲ್ಲಿ ಪೇಢೆ ಕೊಂಡು ನೋಟು ಕೊಟ್ಟರೂ ಸ್ಕ್ಯಾನ್ ಮಾಡಿದರೂ ದರ ಒಂದೇ. ಹವ್ಯಾಸದ ಹೆಸರು ಹೇಳಿಕೊಂಡು ನಾವು ಆ ಅಂಗಡಿಕಾರರಿಗಿಂತ ಕಡಿಮೆ ಶಿಸ್ತಿನಲ್ಲಿ ವ್ಯವಹರಿಸಬೇಕೇ?

ಹಿಂದೆ ಮನಿಯಾರ್ಡರ್ ಕಮಿಷನ್ ಕೊಳ್ಳುವವನೇ ಕೊಡುತ್ತಿರಲಿಲ್ಲವೇ, ಅದೂ 20 ರೂಪಾಯಿಗೆ 1 ರೂಪಾಯಿಯಂತೆ ಶೇ 5ರಷ್ಟೇ ಇತ್ತಲ್ಲವೇ ಎಂಬ ವಾದ ಕೇಳಿಬಂತು. ಹೌದು, ಕೊಡುತ್ತಿದ್ದೆವು. ಆದರೆ ಆ ಹಣ ಅಂಚೆ ಕಚೇರಿಗೆ ಹೋಗುತ್ತಿತ್ತು, ಕೌಂಟರಿನಲ್ಲಿ ರಸೀದಿ ಸಿಗುತ್ತಿತ್ತು, ದರ ದೇಶದ ತುಂಬ ಒಂದೇ ಇತ್ತು, ಚೀಟಿ ಮಾರುವವರ ಕೈಗೆ ಅದರಲ್ಲಿ ಒಂದು ಪೈಸೆಯೂ ಸೇರುತ್ತಿರಲಿಲ್ಲ. ಅಂದಿನ ದರವನ್ನು ಇಂದಿನ ಲಿಂಕಿಗೆ ಅಂಟಿಸುವುದು ನ್ಯಾಯವೆನಿಸುವುದಿಲ್ಲ.

ಹವ್ಯಾಸಿ ಮಾರಾಟಗಾರರ ಲಾಭ ತೀರಾ ಕಡಿಮೆ ಎಂಬುದನ್ನು ಬಲ್ಲೆ. ಹಾಗಿದ್ದರೆ ಹರಾಜಿನ ಮೂಲ ಬೆಲೆಯನ್ನೇ 20 ರೂಪಾಯಿ ಏರಿಸಲಿ, ಸಂತೋಷದಿಂದ ಕೊಡುತ್ತೇವೆ. ಎಷ್ಟಕ್ಕೆ ನಿಲ್ಲಬೇಕೆಂದು ತನ್ನ ಜೇಬು ನೋಡಿಕೊಂಡು ಬಿಡ್ ಮಾಡುವವನಿಗೆ ಪೂರ್ಣ ಬೆಲೆ ಮೊದಲೇ ತಿಳಿದಿರಬೇಕು. ವಿದೇಶದ ಸಂಗ್ರಹಕಾರರಲ್ಲಿ ಕೆಲವರು ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯ ಶುಲ್ಕ ಉಳಿಸಲು, ಗೆಳೆಯರಿಗೆ ಕಳಿಸುವ ಹಣವೆಂದು ತೋರಿಸಿ ಪಾವತಿಸಿ ಎಂದು ಕೇಳುವುದುಂಟು. ಹಾಗೆ ಕಳಿಸಿದ ಹಣಕ್ಕೆ ಕೊಳ್ಳುವವರ ರಕ್ಷಣೆ ಅನ್ವಯಿಸುವುದಿಲ್ಲ, ಲಕೋಟೆ ಬಾರದಿದ್ದರೆ ಕೇಳುವವರೇ ಇಲ್ಲ. ಶುಲ್ಕವನ್ನು ಹೇಗಾದರೂ ಎದುರಿನವರ ಮೇಲೆ ಹಾಕುವ ಈ ಚಾಳಿ ನಮ್ಮಲ್ಲಿ ಬೇರೂರುವುದು ನನಗೆ ಬೇಡ.

ಬಳಗದ ನಿರ್ವಾಹಕರಿಗೆ ಇಂದು ಬೆಳಿಗ್ಗೆ ಬರೆದಿದ್ದೇನೆ: ಚೀಟಿಯ ಬೆಲೆ, ಅಂಚೆ ವೆಚ್ಚ, ಹಣ ಕಟ್ಟುವ ವಿಧಾನ ಮೂರನ್ನೂ ಹರಾಜಿಗೆ ಮೊದಲೇ ಪ್ರಕಟಿಸಬೇಕು, ನೇರ ಯುಪಿಐ ಪಾವತಿಗೆ ಅವಕಾಶ ಇರಲೇಬೇಕು, ಮತ್ತು ಆ ಹುಡುಗನ 40 ರೂಪಾಯಿ ಹಿಂದಿರುಗಿಸಬೇಕು. ಉತ್ತರ ಬರುವವರೆಗೆ ಬಳಗದ ಯಾವ ಹರಾಜಿನಲ್ಲಿಯೂ ನಾನು ಬಿಡ್ ಮಾಡುವುದಿಲ್ಲ. ಒಪ್ಪುವವರು ನಿರ್ವಾಹಕರಿಗೆ ನೇರವಾಗಿ ತಿಳಿಸಿ, ಇಲ್ಲಿ ಲೈಕ್ ಒತ್ತಿದರೆ ಸಾಲದು.