ಹ್ಯಾಕ್ ಆದವನನ್ನೇ ಬೈಯೋ ನಮ್ಮೂರು

ತೀರ್ಥಹಳ್ಳಿ ಕಡೆ ನಮ್ಮಕ್ಕನ ಮಗ ಮರಳು ಲಾರಿ, ಕಾಡು ಒತ್ತುವರಿ, ಪಂಚಾಯ್ತಿ ದುಡ್ಡು ಅಂತ ಬ್ಲಾಗ್ ಬರೀತಿದ್ದ. ಹೋದ ತಿಂಗಳು ಯಾರೋ ಒಳಗೆ ನುಗ್ಗಿ ಪಾಸ್‌ವರ್ಡ್ ಬದಲಾಯ್ಸಿ ಬರೆದಿದ್ದೆಲ್ಲ ಅಳಿಸಿ ಹಾಕಿದ್ದಾರೆ. ಫೋನಲ್ಲಿ ಸುದ್ದಿ ಹೇಳಿದ ಭಾವ ಉಸಿರು ಬಿಡದೆ ಸೇರಿಸಿದ್ದು, "ಇವನಿಗೆ ಎಂತಕ್ಕೆ ಬೇಕಿತ್ತು ಮಾರಾಯ ಊರ ಉಸಾಬರಿ? ಸರ್ಕಾರದ ವಿರುದ್ಧ ಬರೆದ್ರೆ ಸುಮ್ನೆ ಬಿಡ್ತಾರಾ?" ಪಕ್ಕದಿಂದ ಅಕ್ಕನೂ "ಹೇಳಿದ್ರೆ ಕೇಳಿದ್ರಲ್ವಾ" ಅಂದ್ಲು. ಮಾಡಿದವರು ಯಾರು ಅಂತ ಇಬ್ಬರೂ ಕೇಳ್ಲಿಲ್ಲ. ಮರಳಿನವರೇ ಇರಬಹುದು, ಇನ್ಯಾರೋ ಇರಬಹುದು, ಪುರಾವೆ ಇಲ್ದೆ ಯಾರ ತಲೆಗೂ ಕಟ್ಟಲ್ಲ. ನಂಗೆ ಚುಚ್ಚಿದ್ದು, ಕದ್ದವನನ್ನು ಬಿಟ್ಟು ಕಳಕೊಂಡವನಿಗೆ ಬೈಗುಳ ಅನ್ನೋದು.

ಇದನ್ನೇ ಇಲ್ಲಿ ಮ್ಯೂನಿಕ್‌ನಲ್ಲಿ ನಮ್ಮ ಕೆಳಮನೆ ಅಜ್ಜಿಗೆ ಹೇಳಿದೆ. ಅವರ ಮೊದಲ ಮಾತೇ "ದೂರು ಕೊಟ್ರಾ? ತನಿಖೆ ಯಾರು ಮಾಡ್ತಿದ್ದಾರೆ?" ಆಕೆ ಹಳೇ ಪೂರ್ವ ಜರ್ಮನಿಯವರು, ಅಲ್ಲಿನ ಗುಪ್ತ ಪೊಲೀಸ್ ಸ್ಟಾಸಿ ತನ್ನ ಮೇಲೆ ಇಟ್ಟಿದ್ದ ಫೈಲನ್ನ ಓದಿದವರು, 1992ರಿಂದ ಅಲ್ಲಿ ಯಾರು ಬೇಕಾದ್ರೂ ತಮ್ಮ ಫೈಲ್ ಕೇಳಿ ಓದಬಹುದು. ಯಾವ ಭಾನುವಾರ ಯಾರು ಕಾಫಿಗೆ ಬಂದ್ರು, ಎಷ್ಟು ಹೊತ್ತಿಗೆ ದೀಪ ಆರಿತು ಅಂತೆಲ್ಲ ಟೈಪ್ ಮಾಡಿಟ್ಟಿದ್ರಂತೆ. ಹಾಗಾಗಿ "ತಪ್ಪು ಮಾಡದವನಿಗೆ ಭಯ ಯಾಕೆ" ಅನ್ನೋ ನಮ್ಮೂರ ಜಗಲಿ ಮಾತು ಆಕೆ ಹತ್ರ ನಡಿಯಲ್ಲ.

2011ರಲ್ಲಿ ಇಲ್ಲಿನ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನ ಹ್ಯಾಕರ್‌ಗಳು ಪೊಲೀಸರ ಬೇಹು ಸಾಫ್ಟ್‌ವೇರನ್ನೇ ಬಿಚ್ಚಿ ನೋಡಿದ್ರು. ಕಾನೂನು ಬಿಟ್ಟಿದ್ದು ಇಂಟರ್ನೆಟ್ ಫೋನ್ ಮಾತು ಕೇಳೋಕೆ ಮಾತ್ರ, ಇದು ಸ್ಕ್ರೀನ್ ಫೋಟೋ ತೆಗೀತಿತ್ತು, ಹೊಸ ಪ್ರೋಗ್ರಾಂ ತೂರಿಸೋಕೂ ಬಾಗಿಲು ತೆಗೆದಿಟ್ಟಿತ್ತು. ದೊಡ್ಡ ಪತ್ರಿಕೆಯೊಂದು ಆ ಕೋಡನ್ನೇ ಪುಟಗಟ್ಟಲೆ ಅಚ್ಚು ಹಾಕ್ತು, ಬವೇರಿಯಾದ ಗೃಹಮಂತ್ರಿ ಹೌದು ನಮ್ಮವರೇ ಬಳಸಿದ್ದು ಅಂತ ಒಪ್ಪಬೇಕಾಯ್ತು. 2015ರಲ್ಲಿ ನೆಟ್ಸ್‌ಪೊಲಿಟಿಕ್ ಬ್ಲಾಗಿನ ಇಬ್ಬರು ಇಂಟರ್ನೆಟ್ ಮೇಲೆ ಕಣ್ಣಿಡೋ ಯೋಜನೆಯ ಗುಟ್ಟಿನ ಕಾಗದ ಬಯಲು ಮಾಡಿದಾಗ ಅವರ ಮೇಲೆ ದೇಶದ್ರೋಹದ ತನಿಖೆ ಶುರುವಾಯ್ತು, ಬರ್ಲಿನ್‌ನಲ್ಲಿ ಜನ ಬೀದಿಗಿಳಿದ್ರು, ಕೆಲವೇ ದಿನದಲ್ಲಿ ಕೇಂದ್ರದ ಮುಖ್ಯ ಪ್ರಾಸಿಕ್ಯೂಟರ್ ಕುರ್ಚಿನೇ ಹೋಯ್ತು, ತನಿಖೆನೂ ನಿಂತೋಯ್ತು.

ನಮ್ಮಲ್ಲಿ? ಸರ್ಕಾರಗಳಿಗೆ ಮಾತ್ರ ಮಾರ್ತೀವಿ ಅಂತ ಮಾಡಿದ ಕಂಪನಿಯೇ ಹೇಳೋ ಪೆಗಾಸಸ್ ಅನ್ನೋ ಬೇಹು ಸಾಫ್ಟ್‌ವೇರನ್ನ ನಮ್ಮವರ ಫೋನಿನ ಮೇಲೂ ಬಿಟ್ಟಿದ್ದಾರೆ ಅನ್ನೋ ಸುದ್ದಿ 2021ರಲ್ಲಿ ಬಂತು. ಸುಪ್ರೀಂ ಕೋರ್ಟಿನ ಸಮಿತಿ 29 ಫೋನ್ ಪರೀಕ್ಷೆ ಮಾಡಿ 5ರಲ್ಲಿ ಮಾಲ್‌ವೇರ್, ಅಂದ್ರೆ ಕೇಡಿನ ಸಾಫ್ಟ್‌ವೇರ್, ಇದೆ ಅಂತು, ಅದು ಪೆಗಾಸಸ್ಸೇ ಅಂತ ಖಚಿತ ಆಗ್ಲಿಲ್ಲ, ಸರ್ಕಾರ ಸಹಕರಿಸಲಿಲ್ಲ ಅಂತನೂ ಹೇಳ್ತು. ನಮ್ಮೂರ ಹೋಟ್ಲಲ್ಲಿ ಅದು ಎರಡು ಕಾಫಿ ಕುಡಿಯೋವಷ್ಟು ಹೊತ್ತಿನ ಮಾತಾಗಿ ಮುಗೀತು. ಐದು ಫೋನೊಳಗೆ ಕೂತಿದ್ದು ಯಾರು ಅಂತ ಕೇಳೋಕೆ ನಮಗೇನು ಅಡ್ಡಿ ಇತ್ತು?

ಹಾಗಂತ ಇಲ್ಲಿ ಜರ್ಮನಿಯವರ ಕೈ ಶುದ್ಧ ಅಂತಲ್ಲ, ಅದನ್ನೂ ಹೇಳ್ಬೇಕು. ಎಮಿರೇಟ್ಸ್‌ನ ಬ್ಲಾಗರ್ ಅಹ್ಮದ್ ಮನ್ಸೂರ್ 2016ರಲ್ಲಿ ತಮ್ಮ ಫೋನಿಗೆ ಬಂದ ಅನುಮಾನದ ಲಿಂಕ್ ಒತ್ತದೆ ಇಂಥ ಬೇಹು ಸಾಫ್ಟ್‌ವೇರ್ ಪತ್ತೆ ಮಾಡೋ ಟೊರೊಂಟೊದ ಸಿಟಿಜನ್ ಲ್ಯಾಬಿಗೆ ಕಳಿಸಿದ್ರು, ಪೆಗಾಸಸ್ ಸಿಕ್ಕಿಬಿತ್ತು, ಆಪಲ್ ಎಲ್ಲರ ಐಫೋನಿಗೂ ಅಪ್‌ಡೇಟ್ ಬಿಡಬೇಕಾಯ್ತು. 2018ರಲ್ಲಿ ಅವರಿಗೆ ಸಿಕ್ಕಿದ್ದು 10 ವರ್ಷ ಜೈಲು. ಅದೇ ಮನ್ಸೂರ್ ಮೇಲೆ 2011ರಲ್ಲಿ ಬಿಟ್ಟಿದ್ದು ಫಿನ್‌ಫಿಶರ್ ಅನ್ನೋ ಇನ್ನೊಂದು ಬೇಹು ಸಾಫ್ಟ್‌ವೇರ್, ಅದರ ಕಂಪನಿ ಇದ್ದಿದ್ದು ನಾನಿರೋ ಇದೇ ಮ್ಯೂನಿಕ್‌ನಲ್ಲಿ. ಜರ್ಮನಿ ಪೊಲೀಸರೂ ಪೆಗಾಸಸ್ ಕೊಂಡಿದ್ರು ಅಂತ 2021ರಲ್ಲಿ ಹೊರಬಿತ್ತು.

ನಮ್ಮಲ್ಲಿ ಕೇಳೋರೇ ಇಲ್ಲ ಅಂದ್ರೂ ತಪ್ಪಾಗುತ್ತೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಂದೇ ಮಾತಲ್ಲಿ ಹೇಳಿದ ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿಂದ ನಿವೃತ್ತರಾಗಿದ್ದ ಕೆ.ಎಸ್. ಪುಟ್ಟಸ್ವಾಮಿ, ತೀರ್ಪು ಬಂದಾಗ ತೊಂಬತ್ತು ದಾಟಿದ್ರು. 1951ರಲ್ಲಿ ಕಾಗೋಡಿನ ಗೇಣಿದಾರರು ಜಮೀನು ಒಡೆಯರ ಎದುರು ನಿಂತಿದ್ದು ನಮ್ಮ ಸಾಗರ ತಾಲೂಕಲ್ಲೇ. ಮೊಬೈಲ್ ನೆಟ್‌ವರ್ಕ್ ಇಲ್ದಿದ್ರೆ ವೋಟಿಲ್ಲ ಅಂತ ಬೋರ್ಡ್ ಹಾಕಿ ಕೂತಿದ್ದೂ ನಮ್ಮ ಮಲೆನಾಡಿನ ಊರುಗಳೇ. ಟವರ್‌ಗೆ ಅಷ್ಟು ಹಟ ಹಿಡಿದವರು ಮುಂದಿನ ಸಲ ವೋಟು ಕೇಳೋಕೆ ಬಂದವರನ್ನ ಜಗಲಿ ಮೇಲೆ ಕೂರಿಸಿ, ಆ ಪೆಗಾಸಸ್ ಸಮಿತಿ ವರದಿ ಪೂರ್ತಿ ಹೊರಗೆ ಹಾಕಿ ಅಂತಾನೂ ಕೇಳಲಿ.